ಮೂರನೇ ಚಿತ್ರ

ಅಟೆಂಡರ್ ತಂದಿಟ್ಟ ಸೀಡಿಯಿಂದ, ಕೆಲವೇ ಸೆಕೆಂಡುಗಳ ಅಂತರದಲ್ಲಿ ತೆಗೆದ ಮೆದುಳಿನ ಮೂರು ಚಿತ್ರಗಳು ಪರದೆಯ ಮೇಲೆ ಮೂಡಿದವು. ಪ್ರೊಫೆಸರ್ ಮೊದಲನೆಯದನ್ನು ನೋಡಿಯೇ ತೀರ್ಪು ಕೊಟ್ಟರು.

“ಎಡಗಡೆ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿದೆ. ಈ ಆಸಾಮಿಗೆ ಮಾತು ಬರಲ್ಲ, ಬಲಗೈ ಏಳಲ್ಲ.”

“ಸರ್, ಮೂರನೇ ಚಿತ್ರದಲ್ಲಿ ಅಕ್ಕಪಕ್ಕದ ಸಣ್ಣ ನಾಳಗಳಿಂದ ಆ ಭಾಗಕ್ಕೆ ರಕ್ತ ಬಂದು ತಲುಪಿದೆ. ರೋಗಿ ಚೆನ್ನಾಗೇ ಇರಬಹುದು,” ಎಂದಳು ಒಬ್ಬ ವಿದ್ಯಾರ್ಥಿನಿ.

“ಓಹೋ! ರಕ್ತ ಊರೆಲ್ಲಾ ಸುತ್ಕೊಂಡು ಬರುತ್ತೇನಮ್ಮಾ? ಮೂವತ್ತು ವರ್ಷದಿಂದ ನಂಗೆ ಒಂದೇ ಚಿತ್ರ ಸಾಕಾಗಿದೆ. ಈ ಮಹಾತಾಯಿ ಹೇಳಿದ್ದು ಸರಿ ಅನ್ನೋರು ಕೈ ಎತ್ತಿ, ನೋಡೋಣ.”

ತರಗತಿ ಕಿಸಕ್ಕನೆ ನಕ್ಕಿತು. ಬಾಗಿಲ ಬಳಿ ನಿಂತಿದ್ದ ಅಟೆಂಡರ್ ಮಾತ್ರ ಬಲಗೈ ಎತ್ತಿದ.

“ನಿಂಗೇನಯ್ಯಾ ಗೊತ್ತು, ತಲೆ ವಿಷಯ?”

“ಸೀಡಿ ತಂದೋನೂ ನಾನೇ, ಆ ತಲೇನೂ ನಂದೇ, ಸಾರ್.”