ಸರ್ಕಾರದ ಪುಸ್ತಕದ ಹಾಳೆ

ಸ್ವರಾಜ್ಯದ ಮಾತುಕತೆ ಮೂರನೆಯ ದಿನ ಮುರಿದುಬಿತ್ತು. "ನೀವು ಹೇಳಿದ್ದನ್ನೆಲ್ಲ ಪರಿಶೀಲಿಸಿದ್ದೇವೆ, ಈಗ ಸಾಧ್ಯವಿಲ್ಲ" ಎಂದು ಬಿಳಿಯ ಅಧಿಕಾರಿ ಎದ್ದು ಹೋದ. ಚಳವಳಿಯ ನಾಯಕರ ಜೊತೆಗೆ ಬಂದವರೆಲ್ಲ ಹೊರನಡೆದರೂ ಅವರೊಬ್ಬರು ಮಾತ್ರ ಮೂಲೆಯಲ್ಲಿದ್ದ ನನ್ನ ಮೇಜಿನ ಬಳಿ ಬಂದರು. ನಾನು ಸರ್ಕಾರದ ಶಾರ್ಟ್‌ಹ್ಯಾಂಡ್ ಗುಮಾಸ್ತ. ಬಿಳಿಯರ ಕಡೆ ಕೂತಿದ್ದವರಲ್ಲಿ ನಮ್ಮವನು ನಾನೊಬ್ಬನೇ.

"ನಾನು ಆಡಿದ್ದೆಲ್ಲ ಬರ್ಕೊಂಡ್ರಾ?"

"ಹೌದು ಸ್ವಾಮಿ."

"ಅವ್ರು ಮೂರು ದಿನಾನೂ ಕಿಟಕಿ ಕಡೆ ನೋಡ್ತಾ ಕೂತಿದ್ರು. ನೀವು ತಲೆ ಎತ್ತದೆ ಬರೀತಿದ್ರಲ್ಲ, ನಿಮ್ಮನ್ನ ನೋಡ್ಕೊಂಡೇ ಮಾತಾಡ್ದೆ."

ನಾನು ಪೆನ್ಸಿಲ್ ಕೆಳಗಿಟ್ಟೆ.

"ಜೈಲಲ್ಲಿ ಸತ್ತವರ ಹೆಸರು ಹೇಳಿದ್ನಲ್ಲ, ಆ ಒಂದು ಹಾಳೆ ಕೊಡ್ತೀರಾ? ಅವ್ರ ತಾಯಂದಿರಿಗೆ ತೋರಿಸ್ಬೇಕು. ಸರ್ಕಾರದ ಪುಸ್ತಕದಲ್ಲೇ ಹೆಸರು ಸೇರಿದೆ ಅಂತ."

"ಇದು ಬರೀ ಗೆರೆ ಸ್ವಾಮಿ. ಯಾರಿಗೂ ಓದೋಕೆ ಬರಲ್ಲ."

"ನಿಮಗೆ ಬರತ್ತಲ್ಲ, ಸಾಕು."

ಆ ಹಾಳೆಯನ್ನೇ ಹುಡುಕುವವನಂತೆ ಪುಟ ತಿರುವಿದೆ. ಒಂದನ್ನು ಹರಿದು ಕೊಟ್ಟೆ.

"ಹೆಸರು ಎಲ್ಲಿಂದ ಶುರು?"

"ಇಲ್ಲಿಂದ" ಎಂದು ಒಂದು ಗೆರೆಯ ಮೇಲೆ ಬೆರಳಿಟ್ಟೆ.

ಅವರು ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಮಡಿಸಿ ಜುಬ್ಬದ ಜೇಬಿಗಿಟ್ಟು ನನಗೆ ಕೈಮುಗಿದು ಹೋದರು.

ಮಾತುಕತೆ ಶುರುವಾಗುವ ಮುಂಚೆಯೇ ಅಧಿಕಾರಿ ನನ್ನನ್ನು ಕರೆದು ಹೇಳಿದ್ದ: "ಏನನ್ನೂ ಬರೆದುಕೊಳ್ಳಬೇಕಾಗಿಲ್ಲ. ಅವರಿಗೆ ಕಾಣುವ ಹಾಗೆ ಪೆನ್ಸಿಲ್ ಆಡಿಸುತ್ತಿರು, ಅಷ್ಟೇ."