ಇಳಿತದ ಹೊತ್ತಿನ ಸಭೆ

"ಈ ಊರಿನಲ್ಲಿ ಜನ ಇದ್ದಾರೋ, ಇಲ್ಲವೋ?"

ಅಧಿಕಾರಿ ಐವತ್ತು ಖಾಲಿ ಕುರ್ಚಿಗಳನ್ನು ಕೇಳಿದರು. ಹಿನ್ನೀರನ್ನು ಊರವರ ಜೊತೆ ಸೇರಿ ಕಾಪಾಡುವ ಯೋಜನೆಗೆ ಅದು ಮೂರನೆಯ ಸಭೆ, ಕೊನೆಯದೂ ಹೌದು. ಇವತ್ತು ಯಾರೂ ಆಕ್ಷೇಪ ಹೇಳದಿದ್ದರೆ, ಕಡಲ ನೀರು ಇಳಿದಾಗ ಮಾತ್ರ ಹೆಂಗಸರು ಚಿಪ್ಪುಮೀನು ಹೆಕ್ಕುವ ಕೆಸರು ದಿಬ್ಬಕ್ಕೆ ಬೇಲಿ ಬೀಳುತ್ತಿತ್ತು.

ಹನ್ನೆರಡರ ಹೊತ್ತಿಗೆ, ಸೊಂಟದವರೆಗೆ ನೆನೆದ ಹೆಂಗಸೊಬ್ಬಳು ಚಿಪ್ಪಿನ ಬುಟ್ಟಿ ಹೊತ್ತುಕೊಂಡೇ ಓಡಿಬಂದಳು.

"ಒಡೆಯಾ, ಈಗ ಇಳಿತ ಅಲ್ರಾ? ಊರಿಗೂರೇ ದಿಬ್ಬದ ಮೇಲದೆ. ಮೂರು ಸಲವೂ ಇಳಿತದ ಹೊತ್ತಿಗೇ ಕರೆದ್ರಿ. ನೀರು ಏರೂವರೆಗೆ ಕೂತ್ಕೊಳ್ಳಿ, ಎಲ್ಲರೂ ಬರ್ತ್ರು."

"ಸಭೆ ಹನ್ನೊಂದಕ್ಕೆ ಅಂತ ಆದೇಶ ಇದೆಯಮ್ಮ."

"ನಿಮ್ಮ ಹೊತ್ತು ನೀವು ಬರ್ದದ್ದು, ಇಳಿತದ ಹೊತ್ತು ದೇವ್ರು ಬರ್ದದ್ದು. ಯಾವುದನ್ನ ಸರಿಸೂಕೆ ಆಗ್ತದೆ, ನೀವೇ ಹೇಳಿ."

"ನನ್ನ ಕೈಯಲ್ಲಿ ಏನಿದೆ?" ಅಧಿಕಾರಿಯ ದನಿ ನಿಜಕ್ಕೂ ಸೋತಿತ್ತು.

"ಹೋಗ್ಲಿ, ನಾ ಒಬ್ಳು ಬಂದೆ ಅಂತಾದ್ರೂ ಬರ್ಕೊಳ್ಳಿ. ಬೇಲಿ ಬೇಡ ಅಂದ್ಳು ಅಂತ."

"ಸಭೆ ಮುಗಿದ ಮೇಲೆ ಬಂದವರನ್ನು ಬರೆಯುವ ಹಾಗಿಲ್ಲ." ಅವರು ತುಂಬಿಸಿಟ್ಟಿದ್ದ ಹಾಳೆಯನ್ನು ಅವಳತ್ತ ತಿರುಗಿಸಿ, ಪೆನ್ನು ಚಾಚಿದರು. "ಊರಿನವರು ಯಾರೂ ಬರಲಿಲ್ಲ ಅಂತ ಇದರಲ್ಲಿ ಬರೆದಿದ್ದೇನೆ. ಸಾಕ್ಷಿಗೆ ಊರಿನವರೊಬ್ಬರ ಸಹಿ ಬೇಕು. ಇಲ್ಲಿ ಹಾಕಿಬಿಡಿ."

ಅವಳು ಕೆಸರು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಪೆನ್ನು ಮಾತ್ರ ಮುಟ್ಟಲಿಲ್ಲ.

"ನಾ ಬರ್ಲೇ ಇಲ್ವಲ್ರಾ, ಒಡೆಯಾ. ಹಾಕೂದಿಲ್ಲ."