ಟೀಚರ್ ಆಂಟಿ ಹೇಳಿದ ಕೊನೆಯ ಅಧ್ಯಾಯ

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಆಗ ನನಗೆ ಒಂಬತ್ತು ವರ್ಷ. ಅರ್ಧದಷ್ಟು ಅಮ್ಮನ ಬಾಯಿಂದ ಕೇಳಿದ್ದೂ ಇರಬಹುದು. ಆದರೆ ಬಿಸಿ ಖುಬ್ಬೂಸ್ ರೊಟ್ಟಿಯ ವಾಸನೆ ಬಂದರೆ ಇವತ್ತಿಗೂ ಕೊಲ್ಲಿ ನಾಡಿನ ನಮ್ಮ ಬಡಾವಣೆ ಖೈತಾನಿನ ಆ ಮಧ್ಯಾಹ್ನಕ್ಕೇ ಹೋಗಿ ನಿಲ್ಲುತ್ತೇನೆ.

ಇರಾಕಿ ಸೈನ್ಯ ಬಂದು ಕೆಲವು ವಾರಗಳಾಗಿದ್ದವು. ಶಾಲೆ ಮುಚ್ಚಿತ್ತು. ಮೇಲಿನ ಮನೆಯ ಟೀಚರ್ ಆಂಟಿ ಕಟ್ಟಡದ ಮಕ್ಕಳನ್ನೆಲ್ಲ ತಮ್ಮ ಹಾಲ್‌ನಲ್ಲಿ ಕೂರಿಸಿ ಪಾಠ ಮಾಡುತ್ತಿದ್ದರು. ಅಂದು ಅವರ ಕೈಯಲ್ಲಿದ್ದದ್ದು ಬೈಂಡು ಕಿತ್ತ ಹಳೆಯ ಇಂಗ್ಲಿಷ್ ಕಾದಂಬರಿ. ಪಾಳು ಕೋಟೆ, ಬೀಗ ಹಾಕಿದ ಕೋಣೆ, ಕಿಟಕಿಯಲ್ಲಿ ಕಾಯುವ ಹುಡುಗಿ.

"ಮೊದಲು ಬರೆದವಳ ಪರಿಚಯ, ದೆವ್ವ ಆಮೇಲೆ," ಎಂದರು ಆಂಟಿ. "ಕತ್ತಲೆ ಅಂದ್ರೆ ಅವಳಿಗೇ ಭಯವಂತೆ. ಅದಕ್ಕೇ ಬರೆದಳು."

ಬೆಳಿಗ್ಗೆ ರೊಟ್ಟಿಯ ಸಾಲಿಗೆ ಹೋದ ಅಪ್ಪ ಇನ್ನೂ ಬಂದಿರಲಿಲ್ಲ. ಅಮ್ಮ ಬಾಗಿಲ ಬಳಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕಥೆಯಲ್ಲೂ ಹುಡುಗಿಯ ಅಪ್ಪ ಹಿಮದಲ್ಲಿ ಹೊರಗೆ ಹೋಗಿದ್ದ.

"ವಿಲ್ ಹೀ ಕಮ್ ಬ್ಯಾಕ್, ಆಂಟಿ?" ಎಂದೆ.

ಆಂಟಿ ಅಮ್ಮನ ಕಡೆ ನೋಡಿ ಪುಸ್ತಕ ಮುಚ್ಚಿದರು. "ಬರ್ತಾನೆ ಕಣೋ. ಬಂದು, ಇನ್ನೂ ಊಟ ಮಾಡಿಲ್ವಾ ಅಂತ ಮಗಳಿಗೇ ಬೈತಾನೆ."

ಕತ್ತಲಾಗುವ ಮೊದಲೇ ಅಪ್ಪ ಬಂದರು, ರೊಟ್ಟಿಗಳನ್ನು ಶರ್ಟಿನೊಳಗೆ ಅವಚಿಕೊಂಡು. "ಎರಡು ಬೇಕರೀಲಿ ಖಲಾಸ್ ಅಂದ್ಬಿಟ್ರು ಕಣೇ," ಎಂದರು. ಅಮ್ಮ ಮೊದಲ ರೊಟ್ಟಿಯನ್ನು ಆಂಟಿಯ ಕೈಗಿಟ್ಟಳು.

ಎಷ್ಟೋ ವರ್ಷಗಳ ನಂತರ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಆ ಕಾದಂಬರಿ ಸಿಕ್ಕಿತು. ಕೊನೆಯ ಅಧ್ಯಾಯವನ್ನು ಎರಡು ಸಲ ಓದಿದೆ. ಅದರಲ್ಲಿ ಹುಡುಗಿಯ ಅಪ್ಪ ಮರಳಿ ಬರುವುದಿಲ್ಲ.